ಅವ್ವ ಬಣ್ಣದ ಮಾತು ಆಡತೊಡಗಿದಾಗ

ನನ್ನ ಸೋದರತ್ತೆ ಮೊಮ್ಮಗಳ ಮದುವೆಗೆ ಕರೆಯಲು ಮೈಸೂರಿನ ವಿಜಯನಗರದ ನಮ್ಮ ಮನೆಗೆ ಬಂದಾಗ, ಅವರನ್ನು ಕಿಟಕಿಯಲ್ಲಿ ಕಂಡ ನಾನು ಬಾಗಿಲು ತೆರೆಯಲು ಹಿಂದೆಮುಂದೆ ನೋಡಿದೆ. ಒಳಗೆ ನಡುಮನೆಯಲ್ಲಿ ಅವ್ವ ಕೂತಿದ್ದಳು. ಅಪ್ಪ ತೀರಿಕೊಂಡ ದಿನದಿಂದ ಅವರಿಬ್ಬರಿಗೂ ಮಾತಿರಲಿಲ್ಲ. ಅಪ್ಪ ಹಾಸಿಗೆ ಹಿಡಿದಿದ್ದಷ್ಟು ಕಾಲವೂ ಒಮ್ಮೆಯೂ ಬಂದು ನೋಡದಿದ್ದ ಅತ್ತೆ, ಆವತ್ತು ಹೆಣದ ಪಕ್ಕ ಕೂತು, "ನನ್ ದ್ಯಾವ್ರಂಥ ಅಣ್ಣಾ, ನಿನ್ ಬುಟ್ಟು ನಾನೆಂಗಿರ್ಲಪ್ಪಾ" ಎಂದು ರಾಗ ತೆಗೆದು ಅತ್ತಿದ್ದರು. ಅವ್ವ ನೆರೆದ ಜನರ ಮುಂದೆಯೇ, "ಸಾಕು ನಿಲ್ಸು. ಬಣ್ಣದ ಮಾತು ಕೇಳೋಕೆ ಅವ್ರಿಗೆ ಈಗ ಕಿವಿ ಇಲ್ಲ" ಎಂದುಬಿಟ್ಟಿದ್ದಳು. ಅತ್ತೆ ಎದ್ದು ಹೋದವರು ತಿಥಿಗೂ ಬಂದಿರಲಿಲ್ಲ.

ಈಗ ಕುಂಕುಮದ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಏನೂ ತೋಚದೆ, "ಬನ್ನಿ ಅತ್ತೆ" ಎಂದೆ. ಅವ್ವ ತಲೆಯೆತ್ತಿ ನೋಡಿದಳು. ಇನ್ನೇನು ಸಿಡಿಯುತ್ತಾಳೆ ಎಂದುಕೊಂಡೆ.

ಅವ್ವ ಎದ್ದು ನಿಂತಳು. ಮುಖದ ತುಂಬ ನಗು. "ಬನ್ನಿ ಬನ್ನಿ, ಬಿಸ್ಲಲ್ಲಿ ಬಂದಿದ್ದೀರಿ. ಕೂತ್ಕೊಳ್ಳಿ. ನಿಮ್ಮನ್ನ ನೋಡಿ ಎಷ್ಟು ಸಂತೋಷ ಆಯ್ತು ಅಂತೀರಾ! ಮನೇಲೆಲ್ಲಾ ಚೆನ್ನಾಗವ್ರಾ?"

ಅತ್ತೆಯ ಕಣ್ಣು ತುಂಬಿಬಂತು. ಕಾಫಿ ಕುಡಿದರು, ಹಳೆಯದೆಲ್ಲ ಹೇಳಿಕೊಂಡರು. ಅವ್ವ ಎಲ್ಲದಕ್ಕೂ, "ಅಯ್ಯೋ, ಅದ್ಕೇನಂತೆ ಬುಡಿ", "ನೀವು ಹೇಳೋದು ಸರಿ", "ನಿಮ್ಮಂಥೋರು ಎಲ್ಲವ್ರೆ ಈಗ" ಎನ್ನುತ್ತಿದ್ದಳು. ಹೊರಡುವಾಗ ಅತ್ತೆ ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡು, "ಅತ್ಗೆ ಎಷ್ಟು ಬದ್ಲಾಗ್ಬುಟ್ಟವ್ರೆ ಕಣಮ್ಮ! ಬೆಣ್ಣೆ ಥರ ಆಗವ್ರೆ. ನಾನೇ ತಪ್ಪು ತಿಳ್ಕೊಂಡಿದ್ದೆ" ಎಂದರು.

ನಾನು ಒಳಗೆ ಬಂದೆ. ಸಂತೋಷವಾಗಬೇಕಿತ್ತು, ಆಗಲಿಲ್ಲ. ಎಲ್ಲೋ ಏನೋ ಕೊರೆಯುತ್ತಿತ್ತು. ಅವ್ವ ನಾದಿನಿಯನ್ನು ಹುಟ್ಟಿದಾಗಿನಿಂದ ಬಲ್ಲವಳಂತೆ 'ನೀನು' ಎಂದೇ ಕರೆದವಳು. ಜಗಳದಲ್ಲೂ 'ನೀನು'. ಇವತ್ತು ಎಲ್ಲ ಮಾತೂ 'ನೀವು'. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ಅವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. "ವಯಸ್ಸಾಯ್ತಲ್ಲ, ಸಿಟ್ಟು ಇಳಿದಿದೆ. ಒಳ್ಳೇದೇ ಆಯ್ತಲ್ವಾ?" ಎಂದರು. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ.

ಅವ್ವನ ಸಿಟ್ಟು ಸಾಮಾನ್ಯದ್ದಾಗಿರಲಿಲ್ಲ. ಅಪ್ಪ ಅವ್ವ ಇಬ್ಬರೂ ಸೇರಿ ಊರಿನ ಇನ್ನೊಂದು ತುದಿಯ ಕೆಸರೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಅಪ್ಪ ಮೆತ್ತಗಿನ ಮನುಷ್ಯ, ಹಿಟ್ಟು ಬೀಸುವ ಕಲ್ಲನ್ನು ಕುಟ್ಟಿ ಹದ ಮಾಡುವುದು, ಬೆಲ್ಟು ಸರಿಪಡಿಸುವುದು ಅವರ ಪಾಲು. ಜನರ ಜೊತೆ ವ್ಯವಹಾರವೆಲ್ಲ ಅವ್ವನದು. ರಾಗಿ ತಂದವರ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಎತ್ತಿ ನೋಡಿ, "ಕಲ್ಲವೆ, ಮನೇಗ್ ತಕ್ಕೊಂಡೋಗಿ ಆರ್ಸಿ ತನ್ನಿ" ಎಂದು ವಾಪಸು ಕಳಿಸುವಳು. ಎಂಥ ದೊಡ್ಡ ಮನೆಯವರಾದರೂ ಅಷ್ಟೇ. ಸಾಲು ತಪ್ಪಿಸಿ ಮುಂದೆ ಬರಲು ಯಾರಾದರೂ, "ಏನಕ್ಕಾ, ನಿನ್ ಗಿರಣಿ ಹಿಟ್ಟಿನ ಥರ ಇಡೀ ಮೈಸೂರಲ್ಲೇ ಸಿಕ್ಕಲ್ಲ" ಎಂದು ಶುರುಮಾಡಿದರೆ ಅವ್ವ ಮಾತನಾಡುತ್ತಲೇ ಇರಲಿಲ್ಲ, ಕೈಚಾಚಿ ಮೋಟಾರಿನ ಸ್ವಿಚ್ ಒತ್ತಿಬಿಡುವಳು. ಗಿರಣಿ ಗರಗರ ಎಂದು ಹೊರಡುವುದು. ಹೊಗಳುವವರ ಬಾಯಿ ಅಲ್ಲಾಡುವುದಷ್ಟೇ ಕಾಣುವುದು.

'ಬಣ್ಣದ ಮಾತು' ಎಂಬ ಮಾತನ್ನು ನಾನು ಕಲಿತದ್ದೇ ಅಲ್ಲಿ. ನಿಘಂಟು ತೆಗೆದರೆ ಕಪಟದ ಮಾತು, ಮೇಲುಮೇಲಿನ ಮಾತು ಎಂಬಂಥ ಅರ್ಥ ಸಿಗಬಹುದು. ಅವ್ವನ ಲೆಕ್ಕದಲ್ಲಿ ಅದು ಅಷ್ಟು ಸರಳವಾಗಿರಲಿಲ್ಲ. ಚೆನ್ನಾಗಿ ಮಾತನಾಡುವವರನ್ನೆಲ್ಲ ಅವಳು ಅನುಮಾನಿಸುತ್ತಿರಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ನಾನೊಮ್ಮೆ ಕೇಳಿದ್ದೆ: ನಮ್ಮ ಕನ್ನಡ ಟೀಚರ್ ಕೂಡ ಬಹಳ ನಯವಾಗಿ ಮಾತನಾಡುತ್ತಾರೆ, ಅದೂ ಬಣ್ಣದ ಮಾತಾ?

ಅವ್ವ ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದ್ದಳು: "ಅಲ್ಲ ಕಣೇ. ನಯ ಬೇರೆ, ಸಿಹಿ ಬೇರೆ, ಬಣ್ಣ ಬೇರೆ. ನಯದ ಮಾತು ಅಂದ್ರೆ ಹಿಟ್ಟು ಜರಡಿ ಹಿಡ್ದಂಗೆ, ಒರಟು ತೆಗ್ದು ಕೊಡೋದು. ಸಿಹಿ ಮಾತು ಪಿರೂತಿ ಇದ್ರೆ ತಾನೇ ಬತ್ತದೆ. ಬಣ್ಣ ಯಾವಾಗ ಬಳೀತಾರೆ? ಕೆಳಗಿರೋದು ಕಾಣಬಾರ್ದು ಅಂದಾಗ. ಮಾತು ಎಷ್ಟು ಚೆಂದಾಗದೆ ಅಂತ ನೋಡ್ಬೇಡ. ಕೆಳಗೆ ಏನದೆ ಅಂತ ನೋಡು."

ಕೆಳಗೆ ಇರುವುದು ಯಾವಾಗಲೂ ಕಪಟವೇ ಎಂಬುದು ಅವಳ ನಂಬಿಕೆ. ನನ್ನದೂ ಅದೇ ಆಯಿತು. ನನ್ನ ಗಂಡ ಮೊದಲ ಸಲ ಮನೆಗೆ ಬಂದಾಗ ಅವ್ವ ಉಪ್ಸಾರು ಮಾಡಿ ಬಡಿಸಿದ್ದಳು. ಅವರು, "ತುಂಬಾ ಚೆನ್ನಾಗಿದೆ" ಎಂದರು. ಅವ್ವ, "ಎರಡ್ನೇ ಸಲ ಹಾಕಿಸ್ಕೊಳ್ಲಿಲ್ವಲ್ಲ?" ಎಂದಳು. ಅವರು ಕಣ್ಣೀರು ಒರೆಸಿಕೊಳ್ಳುತ್ತ, "ಖಾರ ಜಾಸ್ತಿ ಆಯ್ತು" ಎಂದು ಒಪ್ಪಿಕೊಂಡರು. ಆಮೇಲೆ ಒಳಗೆ ಬಂದ ಅವ್ವ ನನ್ನ ಕಿವಿಯಲ್ಲಿ, "ಆಗ್ಬೋದು" ಎಂದಿದ್ದಳು. ಅವಳು ಯಾರನ್ನಾದರೂ ಹೊಗಳಿದ್ದು ಎಂದರೆ ಅಷ್ಟೇ. ನನಗೆ ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತೆಂದು ಹೇಳಿದಾಗಲೂ ಅವಳ ಬಾಯಿಂದ ಬಂದದ್ದು, "ಪರ್ವಾಗಿಲ್ಲ."

ಅಂಥವಳು ನಮ್ಮ ಬಡಾವಣೆಯಲ್ಲಿ ಎಲ್ಲರ ಅಚ್ಚುಮೆಚ್ಚಿನವಳಾಗತೊಡಗಿದಳು. ಅಪ್ಪ ಹೋದ ಮೇಲೆ ಗಿರಣಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಅವಳು ನಮ್ಮ ಜೊತೆ ಬಂದಿದ್ದಳು. ಮೊದಲೆಲ್ಲ ಎದುರು ಮನೆಯವರ ನಾಯಿಯಿಂದ ಹಿಡಿದು ಕಸದ ಗಾಡಿಯ ಹಾಡಿನವರೆಗೆ ಎಲ್ಲದಕ್ಕೂ ತಕರಾರು. ಅತ್ತೆ ಬಂದುಹೋದ ಸುಮಾರಿನಲ್ಲಿ ತಕರಾರು ನಿಂತಿತು. ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುವಳು. ಹೋಗಿಬರುವವರಿಗೆಲ್ಲ, "ಊಟ ಆಯ್ತಾ? ಮಕ್ಕಳೆಲ್ಲಾ ಚೆನ್ನಾಗವ್ರಾ? ನಿಮ್ಮನ್ನ ನೋಡ್ದೆ ಬೇಜಾರಾಗಿತ್ತು ಕಣ್ರೀ" ಎನ್ನುವಳು. ಪಕ್ಕದ ಮನೆಯಾಕೆ ನನಗೆ, "ನಿಮ್ಮ ತಾಯಿ ಥರ ಮಾತಾಡೋರು ಸಿಗಲ್ಲ ರೀ. ದಿನಾ ಒಂದು ಸಲ ಅವರ ಹತ್ರ ಮಾತಾಡಿದ್ರೆ ಮನಸ್ಸು ಹಗುರ ಆಗುತ್ತೆ" ಎಂದರು.

ಒಂದು ಸಂಜೆ ನಾನು ಕಾಂಪೌಂಡಿನ ಒಳಗೆ ಗಿಡಕ್ಕೆ ನೀರು ಹಾಕುತ್ತ ಅವ್ವನ ಮಾತು ಕೇಳಿಸಿಕೊಂಡೆ. ಆಗ ಗಮನಕ್ಕೆ ಬಂತು. ಅವಳು ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಪಕ್ಕದ ಮನೆಯಾಕೆಗೆ ಮಕ್ಕಳಿಲ್ಲ. ಅವರನ್ನೂ ಮಕ್ಕಳು ಚೆನ್ನಾಗಿದ್ದಾರಾ ಎಂದು ಕೇಳಿದಳು. ಆಕೆ ಒಂದು ಕ್ಷಣ ತಡೆದರು. ಅವ್ವ ಆ ಮುಖ ನೋಡಿದ್ದೇ ಮಾತು ತಿರುಗಿಸಿದಳು: "ಅಲ್ಲಾ, ಓಣಿ ಮಕ್ಕಳೆಲ್ಲಾ ನಿಮ್ಮವೇ ಅಲ್ವೇ ಅಂತ!" ಆಕೆ ನಕ್ಕುಬಿಟ್ಟರು. ನನ್ನ ಕೈಯಲ್ಲಿದ್ದ ಪೈಪಿನಿಂದ ನೀರು ಕುಂಡ ತುಂಬಿ ಕಾಲಿನ ಮೇಲೆ ಹರಿಯುತ್ತಿತ್ತು.

ಆಮೇಲೆ ನನಗೆ ಅವಳನ್ನು ಪರೀಕ್ಷಿಸುವ ಚಟ ಹತ್ತಿತು. "ಅವ್ವ, ನಾನು ನಿನ್ನೆ ಏನು ಸಾರು ಮಾಡಿದ್ದೆ?" ಎಂದರೆ, "ನಿನ್ ಕೈ ಸಾರು ಯಾವುದಾದ್ರೇನು, ಎಲ್ಲಾ ಚೆನ್ನಾಗಿರ್ತದೆ" ಎನ್ನುವಳು. "ಇವತ್ತು ಯಾರು ಬಂದಿದ್ರು?" ಎಂದರೆ, "ಯಾರ್ ಬಂದ್ರೇನು, ನಿನ್ನಂಗೆ ನೋಡ್ಕೊಳ್ಳೋರು ಯಾರವ್ರೆ." ನನ್ನ ಸಾರನ್ನು ಅವ್ವ ಹೊಗಳಿದ್ದು ನನ್ನ ಬದುಕಿನಲ್ಲೇ ಅದು ಮೊದಲು. ಅದನ್ನು ಕೇಳಿ ಅಡಿಗೆಮನೆಗೆ ಹೋಗಿ ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಅವಳು ಬೈದಿದ್ದರೆ ಸಾಕಿತ್ತು.

ಹಳೆಯ ಜಾಗಕ್ಕೆ ಕರೆದುಕೊಂಡು ಹೋದರೆ ಸರಿಹೋಗಬಹುದು ಎನ್ನಿಸಿ, ಒಂದು ಭಾನುವಾರ ಆಟೋದಲ್ಲಿ ಕೆಸರೆಗೆ ಹೋದೆವು. ಗಿರಣಿಯ ಪಕ್ಕದಲ್ಲಿ ದಿನಸಿ ಅಂಗಡಿ ಇದೆ. ಆ ಅಂಗಡಿಯನ್ನು ನಡೆಸುತ್ತಿದ್ದವರು ಅವ್ವನ ಓರಗೆಯವರು, ನಾವು ಮಕ್ಕಳೆಲ್ಲ ಅವರನ್ನು ಅಂಗಡಿಯಮ್ಮ ಎಂದೇ ಕರೆಯುತ್ತಿದ್ದೆವು. ಈಗ ಮಗ ಅಂಗಡಿ ನೋಡಿಕೊಳ್ಳುತ್ತಾನೆ, ಅವರು ಹಣೆಗೆ ವಿಭೂತಿ ಇಟ್ಟುಕೊಂಡು ಬಾಗಿಲ ಬಳಿಯ ಮಂಚದ ಮೇಲೆ ಕೂತಿರುತ್ತಾರೆ. ಅವ್ವನಿಗೂ ಅವರಿಗೂ ಎಷ್ಟೋ ವರ್ಷಗಳ ಗೆಳೆತನ, ಅಷ್ಟೇ ವರ್ಷಗಳ ಜಗಳ. ಬೆಲ್ಲದಲ್ಲಿ ಮಣ್ಣು ಎಂದು ಅವ್ವ, ಹಿಟ್ಟು ದಪ್ಪ ಎಂದು ಅವರು. ನಮ್ಮ ಮನೆಯಲ್ಲಿ ಸಾರು ಮಿಕ್ಕಿದರೆ ಅವರ ಮನೆಗೆ ಹೋಗುತ್ತಿರಲಿಲ್ಲ, ಅವರ ಆಚಾರ ಬೇರೆ. ಆದರೆ ಅವರ ಮನೆಯ ರೊಟ್ಟಿ ಮಾತ್ರ ನಮ್ಮ ಮನೆಗೆ ತಪ್ಪದೆ ಬರುತ್ತಿತ್ತು. ಅಪ್ಪ ಹಾಸಿಗೆ ಹಿಡಿದಿದ್ದಾಗ ರಾತ್ರಿಗಳಲ್ಲಿ ಅವ್ವನ ಜೊತೆ ಎದ್ದು ಕೂತವರು ಅವರೊಬ್ಬರೇ.

ಆಟೋ ಇಳಿಯುತ್ತಿದ್ದಂತೆ ಅಂಗಡಿಯಮ್ಮ ಮಂಚದಿಂದಲೇ ಕೂಗಿದರು: "ಬಂದ್ಬುಟ್ಟಾ? ಜ್ಞಾಪಕ ಬಂತಾ ನಾವಿದ್ದೀವಿ ಅಂತ? ದೊಡ್ಡ ಬಡಾವಣೆ ಸೇರ್ಕೊಂಡ್ಬುಟ್ಟು!"

ಅವ್ವ ಅವರ ಹತ್ತಿರ ಹೋಗಿ ಕೈಮುಗಿದಳು. "ನಮಸ್ಕಾರ. ಚೆನ್ನಾಗಿದ್ದೀರಾ? ನಿಮ್ಮನ್ನ ನೋಡಿ ಎಷ್ಟು ಸಂತೋಷ ಆಯ್ತು ಅಂತೀರಾ! ಮನೇಲೆಲ್ಲಾ ಚೆನ್ನಾಗವ್ರಾ?"

ಅಂಗಡಿಯಮ್ಮ ಮೊದಲು ಇದು ತಮಾಷೆ ಎಂದುಕೊಂಡು ನಕ್ಕರು. "ಇದೇನೇ ಹೊಸಾ ನಾಟಕ? ಕೂತ್ಕೋ."

"ನೀವು ಹೇಳಿದ್ಮೇಲೆ ಕೂರ್ದೆ ಇರ್ತೀನಾ. ನಿಮ್ಮಂಥ ದೊಡ್ಡ ಮನಸ್ಸು ಯಾರಿಗದೆ."

ಅವರ ನಗು ನಿಂತಿತು. ಅವ್ವನ ಮುಖವನ್ನೇ ನೋಡಿದರು. ಅವ್ವ ಇನ್ನೂ ಏನೇನೋ ಹೇಳುತ್ತಲೇ ಇದ್ದಳು, ಅಂಗಡಿ ಚೆನ್ನಾಗಿದೆ, ಮಗ ಒಳ್ಳೆಯವನು, ನಿಮ್ಮ ಪುಣ್ಯ. ಎಲ್ಲ ಮಾತೂ ಮೃದು, ಎಲ್ಲಕ್ಕೂ ಒಂದೇ ನಗು. ಅಂಗಡಿಯಮ್ಮ ಅವಳ ಮಾತನ್ನು ಅರ್ಧಕ್ಕೇ ತಡೆದರು. "ನನ್ ಹತ್ರನಾ? ನನ್ ಹತ್ರ ಬಣ್ಣದ ಮಾತು ಆಡ್ತೀಯಾ ನೀನು? ಯಾರೋ ದಾರೀಲಿ ಹೋಗೋರ ಜೊತೆ ಮಾತಾಡ್ದಂಗೆ? ಬೈಯೋಕಾದ್ರೂ ಬರ್ಬಾರ್ದಿತ್ತೇನೇ?"

ಅವ್ವನ ನಗು ಮುಖದ ಮೇಲೆ ಹಾಗೆಯೇ ಉಳಿಯಿತು. ಕಣ್ಣು ಮಾತ್ರ ನನ್ನ ಕಡೆ ಬಂತು, ಏನು ಹೇಳಬೇಕು ಎಂದು ಕೇಳುವಂತೆ. ಅಂಗಡಿಯಮ್ಮ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ಅವರ ಮಗ ಬಾಳೆಹಣ್ಣು ಕೊಟ್ಟು, "ಅಮ್ಮಂಗೆ ಮಂಡಿನೋವು, ಸಿಟ್ಟು ಜಾಸ್ತಿ. ಏನೂ ಅಂದ್ಕೋಬೇಡಿ" ಎಂದ.

ವಾಪಸು ಬರುವಾಗ ಅವ್ವ ಮಡಿಲಲ್ಲಿದ್ದ ಬಾಳೆಹಣ್ಣನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಆಮೇಲೆ ಕೇಳಿದಳು: "ಆ ಯಮ್ಮ ಯಾರು? ನಾನು ಚೆನ್ನಾಗೇ ಮಾತಾಡ್ಸಿದ್ನಲ್ಲ, ಯಾಕೆ ಸಿಟ್ಟು ಮಾಡ್ಕೊಂಡ್ರು?"

ಆಟೋದವನು ಹಾಡು ಹಾಕಿದ್ದ. ಸ್ವಲ್ಪ ಸದ್ದು ಕಡಿಮೆ ಮಾಡಪ್ಪ ಎಂದು ಅವನಿಗೆ ಹೇಳಿದೆ, ಅಷ್ಟೇ.

ಆಸ್ಪತ್ರೆಗೆ ಹೋಗಬೇಕು ಎಂದು ಗಂಡ ಅಂದೇ ಹೇಳಿದರು. ನಾನೇ ಮುಂದೂಡಿದೆ. ಡಾಕ್ಟರು ಅದಕ್ಕೊಂದು ಹೆಸರು ಹೇಳುವ ತನಕ ಅದು ಏನೂ ಅಲ್ಲ ಎಂದುಕೊಳ್ಳಬಹುದಿತ್ತು. ಮುಂದಿನ ವಾರ ಹೋಗೋಣ, ಈ ತಿಂಗಳ ಆಡಿಟ್ ಮುಗಿಯಲಿ ಎನ್ನುತ್ತಿದ್ದೆ. ಅಷ್ಟರಲ್ಲಿ ಒಂದು ದಿನ ಅವ್ವ ಕಾಣೆಯಾದಳು.

ನಾನು ಬೆಳಗಿನ ಶಿಫ್ಟ್ ಮುಗಿಸಿ ಹೆಬ್ಬಾಳದಿಂದ ಬಸ್ಸಿನಲ್ಲಿ ಬಂದು, ಮನೆಯ ತಿರುವಿನಲ್ಲಿ ನೋಡಿದರೆ ಗೇಟು ಹಾರುಹೊಡೆದಿತ್ತು. ಮುಂಬಾಗಿಲೂ ತೆರೆದಿತ್ತು. ಫ್ಯಾನು ತಿರುಗುತ್ತಿತ್ತು. ಅವ್ವನ ಚಪ್ಪಲಿ ಇರಲಿಲ್ಲ. ಗಂಡ ಇನ್ನೂ ಶಾಲೆಯಲ್ಲಿದ್ದರು, ಫೋನ್ ಮಾಡಿದರೆ ಎತ್ತಲಿಲ್ಲ. ಪಕ್ಕದ ಮನೆಯ ಬೆಲ್ ಒತ್ತಿದೆ.

"ಆಗಲೇ ಹೋದ್ರಲ್ಲ! ಎಲ್ಲಿಗೆ ಅಂತ ಕೇಳ್ದೆ. 'ಒಸಿ ಗಾಳಿಗೆ ಕಣ್ರೀ, ನೀವೂ ಬನ್ನಿ' ಅಂದ್ರು. ಎಷ್ಟು ಲವಲವಿಕೆಯಾಗಿದ್ರು ಗೊತ್ತಾ" ಎಂದರು ಆಕೆ.

ರಸ್ತೆಯ ತುದಿಯ ಮೆಡಿಕಲ್ ಶಾಪಿನವನು, "ಇಲ್ಲಿ ನಿಂತಿದ್ರು ಮೇಡಂ. ಏನು ಬೇಕಿತ್ತಮ್ಮ ಅಂದೆ. 'ಏನೂ ಬೇಡಪ್ಪ, ನಿನ್ ವ್ಯಾಪಾರ ಚೆನ್ನಾಗಿ ನಡೀಲಿ' ಅಂತ ಹರಸಿ ಹೋದ್ರು" ಎಂದ. ಕಬ್ಬಿನ ಹಾಲಿನ ಗಾಡಿಯವನು ಕೂಡ ನೋಡಿದ್ದ. ಅವನು, "ದಾರಿ ತಪ್ಪಿದ್ದೀರಾ ಅಜ್ಜಿ ಅಂತ ಕೇಳೇ ಕೇಳ್ದೆ. 'ನಮ್ಮೂರೇ ಅಲ್ವಾ ಮಗಾ, ತಪ್ಪೋದು ಎಲ್ ಬಂತು' ಅಂತ ನಕ್ಕರು" ಎಂದ.

ಎಲ್ಲರೂ ಅವಳನ್ನು ನೋಡಿದ್ದರು. ಎಲ್ಲರೂ ಮಾತನಾಡಿಸಿದ್ದರು. ಒಬ್ಬರಿಗೂ ಅನುಮಾನ ಬಂದಿರಲಿಲ್ಲ. ಎಷ್ಟು ಚೆನ್ನಾಗಿ ಮಾತನಾಡಿದರು ಎಂದು ಒಬ್ಬೊಬ್ಬರು ಹೇಳಿದಾಗಲೂ ನನ್ನ ನಡಿಗೆ ಬಿರುಸಾಗುತ್ತಿತ್ತು. ಅಳುತ್ತಿದ್ದರೆ, ತಡವರಿಸಿದ್ದರೆ, ಯಾರಾದರೂ ಕೂರಿಸಿ ನೀರು ಕೊಟ್ಟು ವಿಳಾಸ ಕೇಳುತ್ತಿದ್ದರು. ಅವಳ ಮಾತೇ ಅವಳನ್ನು ಒಂದು ರಸ್ತೆಯಿಂದ ಇನ್ನೊಂದು ರಸ್ತೆಗೆ ದಾಟಿಸಿ ದೂರ ಕಳಿಸುತ್ತಿತ್ತು. ನಾನು ನಡೆಯುತ್ತಿದ್ದವಳು ಓಡತೊಡಗಿದೆ. ಫ್ಯಾಕ್ಟರಿಯ ಶೂ ಕೂಡ ಬಿಚ್ಚಿರಲಿಲ್ಲ. ರಿಂಗ್ ರಸ್ತೆಯ ಲಾರಿಗಳ ಸದ್ದು ಕೇಳಿಸಿದಾಗ ಆ ಕಡೆ ನೋಡಲು ಧೈರ್ಯವಾಗದೆ ಮೊದಲು ಈ ಕಡೆಯ ರಸ್ತೆಗಳನ್ನೆಲ್ಲ ಸುತ್ತಿದೆ.

ನೀರಿನ ಟ್ಯಾಂಕಿನ ಆಚೆ ಬಸ್ ನಿಲ್ದಾಣದಲ್ಲಿ ಅವಳಿದ್ದಳು. ಹೂವು ಕಟ್ಟಿ ಮಾರುವ ಹೆಂಗಸಿನ ಪಕ್ಕ ನೆಟ್ಟಗೆ ಕೂತಿದ್ದಳು, ಬಸ್ಸಿಗೆ ಕಾಯುವವಳ ಹಾಗೆ. ತಲೆಗೆ ಆ ಹೆಂಗಸು ಮುಡಿಸಿದ್ದ ಕಾಕಡ ಹೂವು. ನಾನು ಏದುಸಿರು ಬಿಡುತ್ತ ಮುಂದೆ ನಿಂತಾಗ ಅವ್ವ ತಲೆಯೆತ್ತಿ ನಕ್ಕಳು.

"ಬನ್ನಿ ಬನ್ನಿ. ಬಿಸ್ಲಲ್ಲಿ ಬಂದಿದ್ದೀರಿ. ಕೂತ್ಕೊಳ್ಳಿ."

ಹೂವಿನಾಕೆ ನನಗೆ, "ಯಾರಮ್ಮ ನೀವು? ಅವ್ರ ಮಗಳು ಬರ್ತಾರಂತೆ, ಅದ್ಕೇ ಕಾಯ್ತವ್ರೆ. ಎಷ್ಟ್ ಚೆಂದಾಗಿ ಮಾತಾಡ್ತಾರೆ ಅಂತೀರಾ" ಎಂದಳು.

"ನಾನೇ ಮಗಳು" ಎಂದೆ.

ಅವ್ವನ ನಗು ಬದಲಾಗಲಿಲ್ಲ. ನಾನು ಪಕ್ಕ ಕೂತು ಅವಳ ಕೈ ಹಿಡಿದೆ. ಆ ಬಿಸಿಲಲ್ಲೂ ಕೈ ಮಂಜಿನಂತೆ ತಣ್ಣಗಿತ್ತು. ಮುಟ್ಟಿದ್ದೇ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ಗಾಯವಾಯಿತು. ಬಾಯಿ ಮಾತ್ರ ಹೂವಿನಾಕೆಗೆ, "ಹೋಗ್ ಬರ್ಲಾ? ನಿಮ್ಮ ಉಪಕಾರ ಮರೆಯಲ್ಲ" ಎಂದು ನಯವಾಗಿಯೇ ಹೇಳುತ್ತಿತ್ತು.

ಬಣ್ಣದ ಕೆಳಗೆ ಏನಿದೆ ಎಂದು ನೋಡು ಎಂದಿದ್ದವಳು ಅವಳೇ. ಅಲ್ಲಿ ಕಪಟವಿರಲಿಲ್ಲ. ಭಯವಿತ್ತು. ಅಷ್ಟು ದಿನ ಅವಳು ಎಷ್ಟು ಹೆದರಿದ್ದಳು ಎಂಬುದು ಆ ಕೈ ಹಿಡಿದಾಗ ನನಗೆ ಗೊತ್ತಾಯಿತು.

ಆಟೋದಲ್ಲಿ ಮನೆಯ ರಸ್ತೆಗೆ ತಿರುಗಿದ ಮೇಲೆ ಅವಳಿಗೆ ನನ್ನ ಗುರುತು ಸಿಕ್ಕಿರಬೇಕು. "ನೀನು ಕೆಲ್ಸಕ್ಕೆ ಹೋಗಿರ್ಲಿಲ್ವಾ?" ಎಂದಳು. ನಾನು, "ಯಾಕವ್ವ, ಯಾರಿಗಾದ್ರೂ ಹೇಳ್ಬಾರ್ದಿತ್ತಾ, ದಾರಿ ಗೊತ್ತಾಗ್ತಿಲ್ಲ ಅಂತ?" ಎಂದು ಕೇಳಿದೆ. ಕೇಳಬಾರದು ಎಂದುಕೊಂಡಿದ್ದರೂ ಬಾಯಿಗೆ ಬಂದುಬಿಟ್ಟಿತು.

ಅವಳು ಹೊರಗೆ ನೋಡುತ್ತಲೇ ಹೇಳಿದಳು: "ಗೊತ್ತಿಲ್ಲ ಅಂದ್ರೆ ಮುದುಕಿಗೆ ತಲೆ ಕೆಟ್ಟದೆ ಅಂತಾರೆ. ಯಾರು ಯಾರೋ ಬಂದು ಮಾತಾಡಿಸ್ತಾರೆ ಕಣೇ. ಎಲ್ರೂ ನನ್ನ ಬಲ್ಲೋರಂಗೆ ಮಾತಾಡ್ತಾರೆ. ನಾನೂ ಅಂಗೇ ಆಡ್ಬುಡ್ತೀನಿ. ಅವ್ರಿಗೆ ಏನು ಬೇಕೋ ಅದನ್ನ ಕೊಟ್ಬುಟ್ರೆ ಹೊಂಟೋಯ್ತಾರೆ."

ಆ ವಾರವೇ ಆಸ್ಪತ್ರೆಗೆ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಅಮ್ಮ, ಇವತ್ತು ಯಾವ ವಾರ?" ಎಂದು ಕೇಳಿದರು. ಅವ್ವ, "ನಿಮ್ಮಂಥ ಓದ್ದೋರು ನಮ್ಮನ್ನ ಕೇಳ್ಬೇಕಾ? ಎಷ್ಟು ಲಕ್ಷಣವಾಗಿದ್ದೀರಿ, ಮದುವೆ ಆಯ್ತಾ?" ಎಂದಳು. ಡಾಕ್ಟರು ನಕ್ಕರು, ಆದರೆ ಬಿಡಲಿಲ್ಲ. ಒಂದು ಹಾಳೆ ಕೊಟ್ಟು ಗಡಿಯಾರದ ಚಿತ್ರ ಬರೆಯಲು ಹೇಳಿದರು. "ಕನ್ನಡಕ ತಂದಿಲ್ಲ" ಎಂದಳು ಅವ್ವ. ಕನ್ನಡಕ ಅವಳ ಮೂಗಿನ ಮೇಲೇ ಇತ್ತು. ಒಂದು ವೃತ್ತ ಬರೆದಳು. ಒಳಗೆ ಅಂಕಿಗಳೆಲ್ಲ ಒಂದೇ ಕಡೆ ಗುಂಪುಗೂಡಿದವು. ಅದನ್ನು ನೋಡಿ ಪೆನ್ನನ್ನು ಮೆಲ್ಲಗೆ ಟೇಬಲ್ ಮೇಲೆ ಇಟ್ಟಳು.

ನರ್ಸು ಅವಳನ್ನು ಹೊರಗೆ ಕರೆದುಕೊಂಡು ಹೋದ ಮೇಲೆ ಡಾಕ್ಟರು ನಮ್ಮಿಬ್ಬರಿಗೆ ಹೇಳಿದರು: "ಇದು ಬರೀ ವಯಸ್ಸಿನ ಮರೆವಲ್ಲ, ಕಾಯಿಲೆ. ಇನ್ನೂ ಪರೀಕ್ಷೆ ಮಾಡ್ಬೇಕು. ಮಾತ್ರೆ ಕೊಡ್ತೀನಿ, ವಾಸಿ ಆಗುತ್ತೆ ಅಂತ ಮಾತ್ರ ಹೇಳಲ್ಲ. ಮಾತು ಚೆನ್ನಾಗಿರೋರಲ್ಲಿ ಮನೆಯವರಿಗೂ ಇದು ತಡವಾಗಿ ಗೊತ್ತಾಗುತ್ತೆ."

ಅವ್ವ ಮೆಚ್ಚುವಂಥ ಮಾತು. ಸುತ್ತುಬಳಸಿಲ್ಲ, ಮೇಲೆ ಏನೂ ಬಳಿದಿಲ್ಲ. ನನಗೆ ಮಾತ್ರ ಆ ಹೊತ್ತಿನಲ್ಲಿ ಯಾರಾದರೂ ಸುಳ್ಳಾದರೂ ಸರಿ, ಏನೂ ಆಗಲ್ಲ ಬಿಡಿ ಎಂದರೆ ಸಾಕೆನ್ನಿಸಿತ್ತು. ಬಣ್ಣದ ಮಾತಿಗೆ ಜನ ಯಾಕೆ ಕಿವಿಗೊಡುತ್ತಾರೆ ಎಂಬುದು ನನಗೆ ಅಲ್ಲಿಯವರೆಗೆ ಅರ್ಥವಾಗಿರಲಿಲ್ಲ.

ಆ ಮೇಲಿನ ದಿನಗಳಲ್ಲಿ ಕೆಲಸದಿಂದ ಬಂದು ಮನೆಯ ಗೇಟು ತೆಗೆಯುವುದೇ ಒಂದು ಶಿಕ್ಷೆಯಾಯಿತು. ಹಗಲು ನೋಡಿಕೊಳ್ಳಲು ಒಬ್ಬಾಕೆಯನ್ನು ಗೊತ್ತುಮಾಡಿದ್ದೆವು, ಕಾಣೆಯಾಗುವ ಭಯವಿರಲಿಲ್ಲ. ಭಯ ಬೇರೆಯದು. ಗೇಟಿನ ಸದ್ದಿಗೆ ಅವ್ವ ತಿರುಗಿ, "ಬಾರೇ" ಎನ್ನುತ್ತಾಳೋ, "ಬನ್ನಿ" ಎನ್ನುತ್ತಾಳೋ? "ಬಾರೇ" ಎಂದ ದಿನ ಚೀಲ ಎಸೆದು ಅವಳ ಪಕ್ಕ ಕೂರುತ್ತಿದ್ದೆ. "ಬನ್ನಿ" ಎಂದ ದಿನ ನೆಂಟರ ಹಾಗೆ ಎದುರಿನ ಕುರ್ಚಿಯಲ್ಲಿ ಕೂತು, ಮನೆಯಲ್ಲೆಲ್ಲ ಚೆನ್ನಾಗಿದ್ದಾರೆ ಎಂದು ಅವಳಿಗೆ ಉತ್ತರ ಹೇಳುತ್ತಿದ್ದೆ.

ಅಂಗಡಿಯಮ್ಮನಿಗೆ ತಿಳಿಸದೆ ಇರಲಾಗಲಿಲ್ಲ. ಒಬ್ಬಳೇ ಕೆಸರೆಗೆ ಹೋದೆ. ನನ್ನನ್ನು ನೋಡಿ ಅವರು ಮುಖ ತಿರುಗಿಸಿದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮಧ್ಯದಲ್ಲಿ ಅವರು, "ಅಂಗಾರೆ ಆವತ್ತು ನನ್ನ ಗುರ್ತೇ ಸಿಕ್ಕಿರ್ನಿಲ್ವಾ?" ಎಂದು ಕೇಳಿದರು. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡರು. ಅಳು ಮುಗಿದ ಮೇಲೆ ಮೊದಲು ಆಡಿದ ಮಾತು, "ಅಂಥಾ ಬಜಾರಿಗೆ ಇದಾ ಬರ್ಬೇಕಾಗಿತ್ತು?"

ಮುಂದಿನ ಗುರುವಾರ ಅವರೇ ಎರಡು ಬಸ್ಸು ಬದಲಾಯಿಸಿ, ಮಂಡಿನೋವಿನ ಕಾಲು ಎಳೆದುಕೊಂಡು ನಮ್ಮ ಮನೆಗೆ ಬಂದರು. ಆವತ್ತು ನಾನು ರಜೆ ಹಾಕಿದ್ದೆ. ಅವ್ವ ಎಂದಿನಂತೆ, "ಬನ್ನಿ ಬನ್ನಿ" ಎಂದು ಶುರುಮಾಡುವುದರೊಳಗೆ ಅಂಗಡಿಯಮ್ಮ ಕೈ ಎತ್ತಿ ತಡೆದರು.

"ನಿಲ್ಸು. ಮೊದ್ಲು ಕೇಳು. ನಾನು ಕೆಸರೆಯೋಳು. ನಿನ್ ಗಿರಣಿ ಪಕ್ಕದ ಅಂಗಡಿ ನಂದು. ನಿನ್ ಗೆಣೆಕಾತಿ ಕಣೇ. ನೀನು ನನ್ನ ಗುರ್ತು ಹಿಡಿಯೋದೇನೂ ಬೇಡ, ನಾನು ನಿನ್ನ ಗುರ್ತು ಹಿಡ್ದಿದ್ದೀನಿ, ಸಾಕು."

ಅವ್ವ ಬಾಯಿ ತೆರೆದವಳು ಹಾಗೇ ನಿಂತಳು. ಅವಳ ಭುಜಗಳು ನಿಧಾನವಾಗಿ ಇಳಿದದ್ದನ್ನು ನಾನು ಕಂಡೆ. ಏನನ್ನೋ ಹೊತ್ತು ನಿಂತಿದ್ದವಳು ಕೆಳಗಿಳಿಸಿದ ಹಾಗಿತ್ತು. ಇಬ್ಬರೂ ಅಕ್ಕಪಕ್ಕ ಕೂತರು. ಅಂಗಡಿಯಮ್ಮ ಒಬ್ಬರೇ ಮಾತನಾಡುತ್ತಿದ್ದರು, ಗಿರಣಿಯ ಬೆಲ್ಟು ಹರಿದದ್ದು, ಓಣಿಯಲ್ಲಿ ಯಾರದೋ ಮನೆ ಎದ್ದದ್ದು. ಅವ್ವ ಸುಮ್ಮನೆ ಕೇಳುತ್ತಿದ್ದಳು. ಒಂದು ಗಳಿಗೆಯಲ್ಲಿ ಅಂಗಡಿಯಮ್ಮ ತಾವು ತಂದಿದ್ದ ಬೆಲ್ಲದ ಅಚ್ಚನ್ನು ಮುರಿದು ಚೂರು ಕೊಟ್ಟರು. ಅವ್ವ ಅದನ್ನು ಬಾಯಿಗಿಟ್ಟುಕೊಂಡು, ಒಂದು ಸಲ ಅಗಿದು, ಮುಖ ಕಿವುಚಿದಳು.

"ಥೂ, ಮಣ್ಣು ಕಣೇ ಇದ್ರಲ್ಲಿ! ಇನ್ನೂ ಬುಟ್ಟಿಲ್ವಾ ನೀನು?"

ಅಂಗಡಿಯಮ್ಮ ಹಣೆ ಹಣೆ ಬಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದು ಗುರುತು ಸಿಕ್ಕಿ ಆಡಿದ ಮಾತೋ, ಬೆಲ್ಲದಲ್ಲಿ ನಿಜವಾಗಿಯೂ ಮಣ್ಣಿತ್ತೋ, ನಾನು ರುಚಿ ನೋಡಲು ಹೋಗಲಿಲ್ಲ.

ಅವರಿಂದ ನಾನೂ ಕಲಿತೆ. ಈಗ ಗೇಟು ತೆಗೆಯುವಾಗಲೇ, "ಅವ್ವ, ನಾನು ನಿನ್ನ ಮಗಳು, ಕೆಲಸದಿಂದ ಬಂದೆ" ಎಂದು ಕೂಗಿ ಹೇಳುತ್ತೇನೆ. ಗಂಡ, "ನಾನು ನಿಮ್ಮ ಅಳಿಯ, ಮೇಷ್ಟ್ರು" ಎನ್ನುತ್ತಾರೆ. ಪಕ್ಕದ ಮನೆಯಾಕೆಗೂ ವಿಷಯ ಹೇಳಿದೆವು. ಅವರು ಪಾಪ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳಿ ಒಳಗೆ ಹೋಗಿಬಿಟ್ಟರು. ಅಷ್ಟು ದಿನ ತಮಗೆ ಸಿಕ್ಕ ಪ್ರೀತಿ ಏನಾಗಿತ್ತು ಎಂದು ಯೋಚಿಸುತ್ತಿದ್ದಿರಬೇಕು. ಮರುದಿನ ಬೆಳಿಗ್ಗೆ ಬಂದು, "ಅಮ್ಮ, ನಾನು ಪಕ್ಕದ ಮನೆಯವಳು" ಎಂದು ಶುರುಮಾಡಿದರು. ಸೋದರತ್ತೆಗೆ ಮಾತ್ರ ಹೇಳಿಲ್ಲ. ಅವರು ಫೋನಿನಲ್ಲಿ ಅತ್ತಿಗೆ ತಮ್ಮನ್ನು ಕ್ಷಮಿಸಿದ ಕಥೆಯನ್ನು ಈಗಲೂ ಹೇಳಿಕೊಂಡು ಸಂತೋಷಪಡುತ್ತಾರೆ. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಇತ್ತೀಚೆಗೆ ಅವ್ವ ಅಪ್ಪನನ್ನು ಕೇಳುತ್ತಾಳೆ. "ಅವ್ರು ಎಲ್ಲಿ? ಇನ್ನೂ ಬರ್ನಿಲ್ವಲ್ಲ?" ಮೊದಲ ಸಲ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಾಗೆ ಹೇಳುವುದನ್ನೇ ಅವಳು ನನಗೆ ಕಲಿಸಿದ್ದು. ಅವಳು ಆ ಸುದ್ದಿಯನ್ನು ಅದೇ ಮೊದಲು ಕೇಳಿದಂತೆ ಕೇಳಿ, ನೆಲದ ಮೇಲೆ ಕೂತುಬಿಟ್ಟಳು. ಎರಡನೆಯ ಸಲ ಕೇಳಿದಾಗ, "ಗಿರಣಿ ಬೆಲ್ಟು ತರೋಕೆ ಹೋಗಿದ್ದಾರೆ ಕಣವ್ವ, ಬರ್ತಾರೆ" ಎಂದೆ. ನನ್ನ ದನಿ ಎಷ್ಟು ನಯವಾಗಿ ಬಂತೆಂದರೆ ನನಗೇ ಗಾಬರಿಯಾಯಿತು. ಅವಳು, "ಬಿಸ್ಲು ಇಳಿದ್ಮೇಲೆ ಹೋಗ್ಬಾರ್ದಿತ್ತಾ" ಎಂದು ಗೊಣಗಿ ತಟ್ಟೆಯ ಅನ್ನಕ್ಕೆ ಕೈಹಾಕಿದಳು. ಈಗ ಕೇಳಿದಾಗಲೆಲ್ಲ ಅಪ್ಪ ಒಂದೊಂದು ಕಡೆ ಹೋಗಿರುತ್ತಾರೆ. ಹೇಳುವಾಗ ಅವಳ ಮುಖ ನೋಡುವುದಿಲ್ಲ. ಇದಕ್ಕೆ ಅವಳ ಹಳೆಯ ಲೆಕ್ಕದಲ್ಲಿ ಯಾವ ಹೆಸರು ಎಂದು ಕೇಳೋಣವೆಂದರೆ, ಉತ್ತರ ಹೇಳಬೇಕಾದವಳೂ ಅವಳೇ.

ಅಂಗಡಿಯಮ್ಮ ಆಮೇಲೆ ಎಷ್ಟೋ ಗುರುವಾರ ಬಂದರು. ಹೋದ ತಿಂಗಳು ಅವರ ಮಂಡಿ ಪೂರ್ತಿ ಕೈಕೊಟ್ಟಿತು. ಆಪರೇಷನ್ ಮಾಡಬೇಕಂತೆ, ಆಮೇಲೆ ಕೆಲವು ತಿಂಗಳು ಬಸ್ಸು ಹತ್ತುವ ಹಾಗಿಲ್ಲ ಎಂದು ಅವರ ಮಗ ಫೋನ್ ಮಾಡಿ ಹೇಳಿದ. ಅಷ್ಟು ತಿಂಗಳಲ್ಲಿ ಅವ್ವನ ನೆನಪಿನಲ್ಲಿ ಏನು ಉಳಿದಿರುತ್ತದೋ ಗೊತ್ತಿಲ್ಲ. ಈ ಭಾನುವಾರ ಅವಳನ್ನೇ ಕೆಸರೆಗೆ ಕರೆದುಕೊಂಡು ಹೋಗುತ್ತೇನೆ. ಆಟೋಗೆ ಹೇಳಿಟ್ಟಿದ್ದೇನೆ. ಮಧ್ಯಾಹ್ನಕ್ಕಿಂತ ಬೆಳಿಗ್ಗೆ ಅವಳು ಸ್ವಲ್ಪ ವಾಸಿ, ಬಿಸಿಲೇರುವ ಮೊದಲೇ ಹೊರಡಬೇಕು.